ಕೊರಳ ಗ್ರಂಥಿಗಳ ಊತ: ಮನೆಯವರಲ್ಲಿಯೂ ದನಕರುಗಳಲ್ಲಿಯೂ ಅದರ ಕಾರಣಗಳು ಮತ್ತು ಚಿಕಿತ್ಸೆ

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ರೈತರ ಉಪಯೋಗಕ್ಕಾಗಿ)

ಬಿತ್ತನೆ, ಗೊಬ್ಬರ, ಕೀಟಗಳ ನಿವಾರಣೆ ಇವುಗಳ ವಿಚಾರವಾಗಿ ಬರೆಯತಕ್ಕ ಪತ್ರಿಕೆಯಲ್ಲಿ ಕೊರಳಿನ ಗಂಟಿನ ಮಾತು ಏಕೆ ಬಂದಿತೆಂದು ರೈತಬಾಂಧವರು ಕೇಳಬಹುದು. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳುವೆನು.

ಮುಸುಕಿನ ಜೋಳಕ್ಕೆ ಸೈನಿಕ ಹುಳುವಿನ ಕಾಟ ನಮ್ಮ ರಾಜ್ಯದಲ್ಲಿ ಮೊದಲು ಕಂಡುದು 2018ರಲ್ಲಿ. ಅದರ ಮರುವರ್ಷ ಬೆಳೆಯ ನಷ್ಟವನ್ನು ನೋಡುವುದಕ್ಕಾಗಿ ಹನೂರಿನಿಂದಾಚೆ ಬೆಟ್ಟದ ಬುಡದಲ್ಲಿರುವ ಒಂದು ಗ್ರಾಮಕ್ಕೆ ಹೋಗಿದ್ದೆನು. ಹೊಲವನ್ನು ನೋಡಿ ಮುಗಿಸಿ ಆ ರೈತನ ಮನೆಯ ಜಗಲಿಯ ಮೇಲೆ ಕುಳಿತಿರಲು, ಕೊಟ್ಟಿಗೆಯಲ್ಲಿದ್ದ ಮಿಶ್ರತಳಿಯ ಹಸುವಿನ ಹೆಗಲಿನ ಮುಂದೆ ಕೋಳಿಮೊಟ್ಟೆಗಿಂತ ದೊಡ್ಡದಾದ ಗಂಟೊಂದು ಕಣ್ಣಿಗೆ ಬಿತ್ತು. ವಿಚಾರಿಸಲಾಗಿ ರೈತನು, “ನೆನ್ನೆಯಿಂದ ಸಾ. ಮೇವು ಮುಟ್ನಿಲ್ಲ. ಇವತ್ತು ಬೆಳಿಗ್ಗೇನೇ ಡಾಕ್ಟ್ರನ್ನ ಗಾಡೀಲಿ ಕೂರಿಸ್ಕಂಡು ಬಂದೆ, ಸೂಜಿ ಹಾಕವ್ರೆ” ಎಂದನು. ಹಸುವಿಗೆ ಒಂದು ದಿವಸವೂ ತಡವಾಗಿರಲಿಲ್ಲ. ಅಷ್ಟರಲ್ಲಿ ಕುಡಿಯುವ ನೀರನ್ನು ತಂದುಕೊಟ್ಟ ಅವನ ಮಗಳು, ಹನ್ನೊಂದು ಹನ್ನೆರಡು ವರ್ಷದವಳು, ಕೊರಳಿಗೆ ವಸ್ತ್ರ ಸುತ್ತಿಕೊಂಡಿದ್ದಳು. ವಸ್ತ್ರದ ಕೆಳಗೆ ಮೂರು ಗಂಟುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳ ಮೇಲೆ ಕಾದ ಕಬ್ಬಿಣದ ಬರೆ. ಬರೆಯ ಪಕ್ಕದಲ್ಲಿ ತೆಳ್ಳಗೆ ಕೀವು ಸೋರುತ್ತಿದ್ದಿತು. “ಇದು ಎಷ್ಟು ದಿವಸದಿಂದ, ಅಜ್ಜಿ?” ಎಂದು ಒಳಗಿದ್ದ ಮುದುಕಿಯನ್ನು ಕೇಳಿದೆನು. “ನಾಕು ತಿಂಗ್ಳಾಯ್ತು ಕಣಪ್ಪ. ಬರೆ ಹಾಕ್ಸುದ್ರೆ ಕರಗ್ತದೆ ಅಂದ್ರು, ಕರಗ್ನಿಲ್ಲ” ಎಂದು ಆಕೆಯು ಉತ್ತರ ಕೊಟ್ಟಳು.

ಆ ಮನೆಯವರು ಮಗುವಿನ ಮೇಲೆ ಪ್ರೀತಿಯಿಲ್ಲದವರಲ್ಲ. ಹಸುವಿನ ಗಂಟು ಒಂದು ರೋಗದ ಗುರುತೆಂಬುದು ಅವರಿಗೆ ತಿಳಿದಿದ್ದಿತು, ಮಗುವಿನ ಗಂಟನ್ನಾದರೋ ಗಂಟೇ ರೋಗವೆಂದು ತಿಳಿದಿದ್ದರು. ಈ ಪತ್ರಿಕೆಯಲ್ಲಿ ಹೇಳತಕ್ಕುದೆಲ್ಲವೂ ಈ ಒಂದು ತಪ್ಪು ತಿಳಿವಳಿಕೆಯನ್ನು ಕುರಿತದ್ದಾಗಿದೆ.

ಗ್ರಂಥಿಯೆಂದರೇನು

ರಕ್ತವಲ್ಲದೆ ಇನ್ನೊಂದು ತಿಳಿಯಾದ ರಸವೂ ನಮ್ಮ ದೇಹದಲ್ಲಿ ಹರಿಯುತ್ತದೆ. ಇದಕ್ಕೆ ದುಗ್ಧರಸವೆಂದು ಹೆಸರು. ಚರ್ಮ, ಬಾಯಿ, ಗಂಟಲು, ಶ್ವಾಸಕೋಶ ಮೊದಲಾದ ಎಲ್ಲಾ ಭಾಗಗಳಿಂದಲೂ ಈ ರಸವು ಸಣ್ಣ ಸಣ್ಣ ಕಾಲುವೆಗಳ ಮೂಲಕ ಬಂದು ಕೊನೆಗೆ ರಕ್ತವನ್ನು ಸೇರುವುದು. ದಾರಿಯಲ್ಲಿ ಅಲ್ಲಲ್ಲಿ ಅವರೆಕಾಳಿನಂಥ ಗ್ರಂಥಿಗಳಿವೆ. ಮನುಷ್ಯನ ಶರೀರದಲ್ಲಿ ಇಂಥವು ಸುಮಾರು 600 ಇರುವುವೆಂದು ಲೆಕ್ಕ; ಅವುಗಳಲ್ಲಿ ದೊಡ್ಡ ಪಾಲು ಕೊರಳಿನಲ್ಲಿಯೇ ಇದೆ. ಯಳಂದೂರಿನ ಗದ್ದೆಯ ರೈತರು ಕಾಲುವೆಯ ಬಾಯಿಗೆ ಕಸ ತಡೆಯುವುದಕ್ಕಾಗಿ ಮುಳ್ಳುಕಂತೆ ಇಟ್ಟಿರುವುದನ್ನು ಬಲ್ಲರು. ನೀರಿನಲ್ಲಿ ಕಸ ಹೆಚ್ಚಾದ ದಿವಸ ಕಂತೆಯು ಉಬ್ಬಿ ನಿಲ್ಲುವುದು. ಗ್ರಂಥಿಯೂ ಹಾಗೆಯೇ, ರೋಗದ ಕ್ರಿಮಿಯನ್ನು ತಡೆದು ಅದರೊಡನೆ ಕಾದಾಡುವಾಗ ದಪ್ಪವಾಗುತ್ತದೆ. ಕಂತೆಯು ಉಬ್ಬಿತೆಂದು ಕಂತೆಯನ್ನೇ ಸುಟ್ಟುಬಿಡುವವನು ಕಸ ಎಲ್ಲಿಂದ ಬಂದಿತೆಂದು ನೋಡಿದವನಲ್ಲ.

ಆದುದರಿಂದ ಗಂಟು ಕಂಡ ಕೂಡಲೆ ಅದಕ್ಕೆ ಏನು ಹಚ್ಚಬೇಕೆಂದು ಯೋಚಿಸದೆ, ಆ ಗ್ರಂಥಿಗೆ ರಸವು ಬರತಕ್ಕ ಮೇಲಿನ ಭಾಗವನ್ನು ಪರೀಕ್ಷಿಸಬೇಕು. ಕತ್ತಿನ ಹಿಂದೆ, ಕೂದಲಿನ ಅಂಚಿನಲ್ಲಿ ಸಣ್ಣ ಗಂಟುಗಳೆದ್ದರೆ ತಲೆಯಲ್ಲಿ ಹುಣ್ಣು, ಕಜ್ಜಿ ಅಥವಾ ಹೇನು ಇರುವುದು ಹೆಚ್ಚು ಸಂಭವ. ದವಡೆಯ ಕೆಳಗೆ ಗಂಟಿದ್ದರೆ ಬಾಯಿ ತೆರೆಸಿ ಹುಳುಕು ಹಲ್ಲನ್ನೂ ಗಂಟಲನ್ನೂ ನೋಡತಕ್ಕದ್ದು. ಕಿವಿಯ ಹಿಂದೆ ಇದ್ದರೆ ಕಿವಿ ಸೋರುವಿಕೆಯನ್ನು ವಿಚಾರಿಸತಕ್ಕದ್ದು. ಕೊರಳಿನ ಬುಡದಲ್ಲಿ, ಹೆಗಲಿಗೆ ಅಡ್ಡಲಾಗಿರುವ ಎಲುಬಿನ ಮೇಲ್ಗಡೆಯ ಕುಳಿಯಲ್ಲಿ ಗಂಟು ಕಂಡರೆ ಮಾತ್ರ ಮನೆಯಲ್ಲಿ ಪರೀಕ್ಷಿಸುತ್ತ ಕೂರಬಾರದು. ಅಲ್ಲಿಗೆ ಎದೆಯ ಮತ್ತು ಹೊಟ್ಟೆಯ ರಸವೂ ಬರುವುದರಿಂದ ಎಷ್ಟೇ ಸಣ್ಣದಾದರೂ ವೈದ್ಯರಿಗೆ ತೋರಿಸಬೇಕು.

ಹೇನಿನ ಮಾತು ಬಂದುದರಿಂದ ನನ್ನ ಇಲಾಖೆಗೆ ಸಂಬಂಧಪಟ್ಟ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕಾಗಿದೆ. ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕವನ್ನು ಎಣ್ಣೆಯಲ್ಲಿ ಬೆರೆಸಿ ಮಕ್ಕಳ ತಲೆಗೆ ಹಚ್ಚುವುದನ್ನೂ ದನದ ಮೈಯ ಉಣ್ಣಿಗೆ ಬಳಿಯುವುದನ್ನೂ ನಾನು ಕೇಳಿ ಬಲ್ಲೆನು. ಬೆಳೆಯ ಔಷಧಿಯು ಬೆಳೆಗೆ ಮಾತ್ರವೇ. ತಲೆಯ ಚರ್ಮದ ಮೂಲಕ, ಅದರಲ್ಲಿಯೂ ಕೆರೆದು ಗಾಯವಾದ ಚರ್ಮದ ಮೂಲಕ, ಆ ವಿಷವು ಒಳಸೇರಿ ಮಗುವಿನ ಪ್ರಾಣವನ್ನೇ ತೆಗೆಯಬಹುದು. ಹೇನಿಗೆ ಬೇರೆಯ ಔಷಧಿ ಔಷಧಿಯಂಗಡಿಗಳಲ್ಲಿಯೇ ಸಿಕ್ಕುವುದು; ಒದ್ದೆಗೂದಲನ್ನು ಸೀರಣಿಗೆಯಿಂದ ದಿನವೂ ಬಾಚುವುದು ಅದಕ್ಕಿಂತಲೂ ಅಗ್ಗ. ಹೇನೂ ಹುಣ್ಣೂ ಹೋದರೆ ಕತ್ತಿನ ಹಿಂದಿನ ಗಂಟುಗಳು ತಾವಾಗಿಯೇ ಇಳಿಯುವುವು.

ಹೆದರಬೇಕಾದುದೂ ಹೆದರಬೇಡವಾದುದೂ

ಮಕ್ಕಳ ಕೊರಳಿನಲ್ಲಿ ಅವರೆಕಾಳಿನಷ್ಟು ಸಣ್ಣ, ಮೆತ್ತಗೆ ಜಾರುವ ಗಂಟುಗಳು ಕೈಗೆ ಸಿಕ್ಕುವುದು ಸಾಮಾನ್ಯ, ಅವು ರೋಗವಲ್ಲ. ನೆಗಡಿ, ಗಂಟಲುನೋವು ಬಂದಾಗ ಗಂಟು ದೊಡ್ಡದಾಗಿ, ಮುಟ್ಟಿದರೆ ನೋಯುತ್ತ, ಎರಡು ಮೂರು ವಾರಗಳಲ್ಲಿ ಇಳಿದುಹೋಗುವುದು. ಈ ಕಾಲದಲ್ಲಿ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು, ಬಿಸಿನೀರಿನ ಬಟ್ಟೆಯಿಂದ ಹದವಾಗಿ ಶಾಖ ಕೊಡುವುದು, ಜ್ವರವಿದ್ದರೆ ವೈದ್ಯರು ಹೇಳಿದ ಮಾತ್ರೆ, ಇಷ್ಟೇ ಸಾಕು. ಕೊಳ್ಳೇಗಾಲದ ಸುತ್ತಮುತ್ತ ಅರಿಶಿನ ಬೆಳೆಯುವ ಮನೆಗಳಲ್ಲಿ ಅರಿಶಿನದ ಪಟ್ಟು ಹಾಕುವ ಪದ್ಧತಿಯುಂಟು. ಗಾಯವಿಲ್ಲದ ಚರ್ಮದ ಮೇಲೆ ಅದರಿಂದ ಕೇಡೇನೂ ಇಲ್ಲ. ಪಟ್ಟು ಹಾಕಿದ್ದೇವೆಂದು ಎರಡು ತಿಂಗಳು ಸುಮ್ಮನಿರುವುದೇ ಕೇಡು.

ಕೊರಳಿನ ಎಲ್ಲಾ ಊತವೂ ಈ ಗ್ರಂಥಿಗಳದ್ದೇ ಎಂದೂ ತಿಳಿಯಕೂಡದು. ನೀರು ನುಂಗಿದಾಗ ಮೇಲಕ್ಕೂ ಕೆಳಕ್ಕೂ ಆಡುವ ಕೊರಳಿನ ಮುಂಭಾಗದ ಊತವು ಗಳಗಂಡ. ಕಿವಿಯ ಮುಂದೆ ಕೆನ್ನೆಯನ್ನು ತುಂಬಿಕೊಂಡು ಬರುವುದು ಮಂಗನಬಾವು. ಇದು ಜೊಲ್ಲಿನ ಗ್ರಂಥಿಯ ರೋಗ. ಹೆಸರು ಹತ್ತಿರವಾದರೂ ಕಾಡಿನ ಮಂಗನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ.

ತಾಸುಗಳ ಲೆಕ್ಕದಲ್ಲಿ ಓಡಬೇಕಾದ ಸಂದರ್ಭವೂ ಒಂದಿದೆ. ಮಗುವಿಗೆ ಜ್ವರದೊಡನೆ ಕೊರಳೆಲ್ಲಾ ಎತ್ತಿನ ಕೊರಳಿನಂತೆ ಊದಿ, ಗಂಟಲೊಳಗೆ ಬೂದುಬಣ್ಣದ ಪೊರೆ ಕಂಡರೆ ಅದು ಗಂಟಲುಮಾರಿ ಇರಬಹುದು. ಜೊಲ್ಲು ಸುರಿಯುತ್ತ ನುಂಗಲಾರದೆ ಇದ್ದರೂ, ಉಸಿರು ಎಳೆಯುವಾಗ ಶಬ್ದವಾದರೂ ಅದೇ ಕ್ಷಣ ಆಸ್ಪತ್ರೆಗೆ ಹೊರಡತಕ್ಕದ್ದು. ಶಿಶುವಿಗೆ ಆರು, ಹತ್ತು ಮತ್ತು ಹದಿನಾಲ್ಕು ವಾರಗಳಲ್ಲಿ ಹಾಕುವ ಚುಚ್ಚುಮದ್ದಿನಲ್ಲಿ ಈ ರೋಗಕ್ಕೂ ತಡೆಯಿದೆ. ಆಮೇಲೆ ಒಂದೂವರೆ ವರ್ಷದ ಸುಮಾರಿಗೂ ಐದಾರು ವರ್ಷಕ್ಕೂ ಹತ್ತು ಮತ್ತು ಹದಿನಾರು ವರ್ಷಗಳಿಗೂ ಹಾಕಿಸಬೇಕಾದುದನ್ನು ಬಹಳ ಮಂದಿ ಮರೆತುಬಿಡುವರು.

ಇವೊಂದೂ ಅಲ್ಲದೆ ಗಂಟು ಎರಡು ವಾರ ಕಳೆದರೂ ಇಳಿಯದಿದ್ದರೆ, ನೋವಿಲ್ಲದೆ ಬೆಳೆಯುತ್ತಿದ್ದರೆ, ಒಂದಕ್ಕೊಂದು ಅಂಟಿಕೊಂಡರೆ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇವುಗಳಲ್ಲಿ ಯಾವುದಾದರೊಂದು ಜೊತೆಗಿದ್ದರೆ ಪರೀಕ್ಷೆ ಮಾಡಿಸದೆ ಬಿಡಕೂಡದು.

ಗಂಡಮಾಲೆ

ಆ ಹುಡುಗಿಗೆ ಇದ್ದುದು ಈ ರೋಗ. ಗಂಟುಗಳು ಮಾಲೆಯಂತೆ ಕೊರಳನ್ನು ಸುತ್ತುವುದರಿಂದ ಈ ಹೆಸರು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಗೆ ಸೇರಿದ್ದುದರಿಂದ ಈ ಸೀಮೆಯಲ್ಲಿ ತಮಿಳು ಮಾತನಾಡುವ ಮನೆಗಳೂ ಉಂಟು. ಅವರೂ ಕಂಡಮಾಲೈ ಎಂದೇ ಹೇಳುವರು. ಪ್ರಾಚೀನರು ಇದನ್ನು ಅರಿಯದವರಲ್ಲ. ಸುಶ್ರುತ ಸಂಹಿತೆಯಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಳಗಂಡ ಇವು ನಾಲ್ಕನ್ನೂ ಒಂದೇ ಅಧ್ಯಾಯದಲ್ಲಿ ಬೇರೆ ಬೇರೆಯಾಗಿ ವಿಂಗಡಿಸಿ ಹೇಳಿದೆ. ಇಂಗ್ಲೆಂಡಿನಲ್ಲಿಯಾದರೋ ರಾಜನು ಕೈಯಿಂದ ಮುಟ್ಟಿದರೆ ಇದು ವಾಸಿಯಾಗುವುದೆಂಬ ನಂಬಿಕೆ ಬಹುಕಾಲ ಇದ್ದಿತು. ಮುಂದೆ ದೊಡ್ಡ ನಿಘಂಟನ್ನು ರಚಿಸಿ ಪ್ರಖ್ಯಾತನಾದ ಸ್ಯಾಮ್ಯುಯಲ್ ಜಾನ್ಸನನನ್ನು ಮಗುವಾಗಿದ್ದಾಗ, 1712ರಲ್ಲಿ, ರಾಣಿ ಆ್ಯನಳ ಬಳಿಗೆ ಕರೆದೊಯ್ದು ಮುಟ್ಟಿಸಿದರು. ರೋಗವೇನೂ ಹೋಗಲಿಲ್ಲ, ಕೊರಳಿನ ಕಲೆಗಳು ಅವನಿಗೆ ಜೀವಮಾನಪರ್ಯಂತ ಉಳಿದವು. ಬರೆ ಹಾಕಿಸಿದ ನಮ್ಮ ಮುದುಕಿಯನ್ನು ಕಂಡು ನಗುವವರು ಇದನ್ನು ನೆನೆಯಬಹುದು.

ಇದರ ನಿಜವಾದ ಕಾರಣವು 1882ರ ಮಾರ್ಚ್ 24ರಂದು ಲೋಕಕ್ಕೆ ತಿಳಿಯಿತು. ಕ್ಷಯದ ಕ್ರಿಮಿಯನ್ನು ಕಂಡುಹಿಡಿದ ವಿಚಾರವನ್ನು ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯನು ಬರ್ಲಿನ್ ನಗರದಲ್ಲಿ ಆ ದಿವಸ ಪ್ರಕಟಿಸಿದನು. ಶ್ವಾಸಕೋಶದಲ್ಲಿ ನೆಲಸಿ ಕೆಮ್ಮು ತರುವ ಕ್ರಿಮಿಯೇ ಕೊರಳ ಗ್ರಂಥಿಯಲ್ಲಿ ನೆಲಸಿದರೆ ಗಂಡಮಾಲೆಯಾಗುವುದು. ಆದರೆ ಇದೇ ಕಾಖ್ ಮಹಾಶಯನು 1901ರಲ್ಲಿ, ದನದ ಕ್ಷಯದಿಂದ ಮನುಷ್ಯರಿಗೆ ಹೆಚ್ಚಿನ ಅಪಾಯವಿಲ್ಲವೆಂದು ಹೇಳಿ ತಪ್ಪಿದನು. ಬ್ರಿಟಿಷ್ ಸರ್ಕಾರವು ನೇಮಿಸಿದ ಸಮಿತಿಯು ಹತ್ತು ವರ್ಷ ಪರಿಶೋಧನೆ ನಡೆಸಿ, ರೋಗವುಳ್ಳ ಹಸುವಿನ ಹಸಿಹಾಲಿನಿಂದಲೂ ಮಕ್ಕಳಿಗೆ ಕ್ಷಯವು, ಅದರಲ್ಲಿಯೂ ಕೊರಳಿನ ಮತ್ತು ಹೊಟ್ಟೆಯ ಗ್ರಂಥಿಗಳ ಕ್ಷಯವು, ಬರುವುದೆಂದು 1911ರಲ್ಲಿ ಸ್ಥಿರಪಡಿಸಿತು.

ನಮ್ಮ ದೇಶದಲ್ಲಿ ಹೆಚ್ಚಿನ ರೋಗಿಗಳಿಗೆ ಈ ಕ್ರಿಮಿ ಬರುವುದು ಕೆಮ್ಮುವವರ ಉಸಿರಿನಿಂದಲೇ ಹೊರತು ಹಾಲಿನಿಂದಲ್ಲ. ನಾವು ಹಾಲನ್ನು ಕಾಯಿಸಿ ಕುಡಿಯುವುದು ಇದಕ್ಕೆ ಒಂದು ಕಾರಣ. ಕರೆದ ಹಾಲನ್ನು ಹಾಗೆಯೇ, ನೊರೆಯೊಡನೆ, ಬಲ ಬರಲೆಂದು ಮಕ್ಕಳಿಗೂ ಗರಡಿಯ ಹುಡುಗರಿಗೂ ಕುಡಿಸುವ ಪದ್ಧತಿ ಎಲ್ಲಿಯಾದರೂ ಉಳಿದಿದ್ದರೆ ಅದನ್ನು ಬಿಡತಕ್ಕದ್ದು. ಹಾಲನ್ನು 63 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ಕ್ಷಯದ ಕ್ರಿಮಿಯು ಸಾಯುವುದು. ಒಲೆಯ ಮೇಲೆ ಒಮ್ಮೆ ಚೆನ್ನಾಗಿ ಉಕ್ಕಿಸಿದರೆ ಅದಕ್ಕಿಂತ ಹೆಚ್ಚಿನ ಶಾಖವೇ ದೊರೆಯುವುದು. ದನಗಳಿಂದ ಬರುವ ಮರುಕಳಿಸುವ ಜ್ವರಕ್ಕೂ (ಬ್ರೂಸೆಲ್ಲೋಸಿಸ್) ಇದೇ ತಡೆ.

ರೋಗವನ್ನು ನಿಶ್ಚಯಿಸುವುದು ಹೇಗೆಂದರೆ, ಸಣ್ಣ ಸೂಜಿಯಿಂದ ಗಂಟಿನ ರಸವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವರು; ಸಿಬಿನಾಟ್, ಟ್ರೂನ್ಯಾಟ್ ಎಂಬ ಯಂತ್ರಗಳಲ್ಲಿಯೂ ಇಟ್ಟು ಪರೀಕ್ಷಿಸುವರು. ರೋಗವಿದೆಯೇ ಎಂಬುದನ್ನಲ್ಲದೆ ಮುಖ್ಯ ಔಷಧಿಗೆ ಬಗ್ಗುವುದೇ ಇಲ್ಲವೇ ಎಂಬುದನ್ನೂ ಈ ಯಂತ್ರಗಳು ಕೆಲವು ತಾಸುಗಳಲ್ಲಿ ತಿಳಿಸುವುವು. ಸೂಜಿಯಿಂದ ರೋಗವು ಹರಡುವುದೆಂಬ ಭಯಕ್ಕೆ ಆಧಾರವಿಲ್ಲ. ಗಂಟನ್ನು ಮನೆಯಲ್ಲಿ ಕೊಯ್ಯುವುದಾಗಲಿ ಬರೆ ಹಾಕುವುದಾಗಲಿ ಮಾಡಿದರೆ ಮಾತ್ರ ಅದು ಒಡೆದು ತಿಂಗಳುಗಟ್ಟಲೆ ಸೋರುವ ನಾಳವಾಗಿ ನಿಲ್ಲುವುದು. ಕೆಲವೆಡೆ ಪದವಿಯಿಲ್ಲದ ವೈದ್ಯರು ಗಂಟು ಕರಗಿಸುವೆವೆಂದು ಚುಚ್ಚುವ ಔಷಧಿಯಿಂದ ಊತವು ಕೆಲವು ದಿವಸ ಇಳಿದಂತೆ ತೋರುವುದುಂಟು. ಕ್ಷಯವಿರಲಿ ಅರ್ಬುದವಿರಲಿ ಒಳಗೆ ಬೆಳೆಯುತ್ತಲೇ ಇರುವುದು. ಪರೀಕ್ಷೆಯೂ ದಾರಿ ತಪ್ಪುವುದು.

ಔಷಧಿಯು ಸರ್ಕಾರದಿಂದ ಉಚಿತ. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳು, ಆಮೇಲೆ ನಾಲ್ಕು ತಿಂಗಳು ಮೂರು, ಒಟ್ಟು ಆರು ತಿಂಗಳು ದಿನವೂ ನುಂಗಬೇಕು. ಪ್ರಮಾಣವನ್ನು ರೋಗಿಯ ತೂಕದ ಮೇಲೆ ವೈದ್ಯರು ನಿಶ್ಚಯಿಸುವರು. ಪೌಷ್ಟಿಕ ಆಹಾರಕ್ಕಾಗಿ 2018ರಿಂದ ತಿಂಗಳಿಗೆ 500 ರೂಪಾಯಿಗಳನ್ನು ರೋಗಿಯ ಬ್ಯಾಂಕು ಲೆಕ್ಕಕ್ಕೆ ಹಾಕುತ್ತಿದ್ದರು. 2024ರ ನವೆಂಬರಿನಿಂದ ಅದನ್ನು 1000 ರೂಪಾಯಿಗಳಿಗೆ ಏರಿಸಲಾಗಿದೆ. ಊರು ಬಿಟ್ಟು ಆಸ್ಪತ್ರೆಯಲ್ಲಿ ಇರಬೇಕಾದ ಅಗತ್ಯವೂ ಸಾಮಾನ್ಯವಾಗಿ ಇಲ್ಲ. ಹಿಂದೆ ಔಷಧಿಯೇ ಇಲ್ಲದ ಕಾಲದಲ್ಲಿ ಗಾಳಿ, ಬೆಳಕು, ವಿಶ್ರಾಂತಿ, ಒಳ್ಳೆಯ ಊಟ ಇವುಗಳನ್ನೇ ನಂಬಿ ಮೈಸೂರಿನ ಕೃಷ್ಣಾಜಮ್ಮಣ್ಣಿ ಕ್ಷಯರೋಗದ ಆಸ್ಪತ್ರೆಯಂಥ ಸ್ಥಳಗಳಲ್ಲಿ ತಿಂಗಳುಗಟ್ಟಲೆ ಇರಬೇಕಾಗಿದ್ದಿತು. ಔಷಧಿಗಳು ಬಂದ ಮೇಲೆ, ಮದರಾಸಿನಲ್ಲಿ 1956ರಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಕೇಂದ್ರದವರು ಆಸ್ಪತ್ರೆಯಲ್ಲಿಟ್ಟ ರೋಗಿಗಳನ್ನೂ ಮನೆಯಲ್ಲಿಯೇ ಔಷಧಿ ತೆಗೆದುಕೊಂಡ ರೋಗಿಗಳನ್ನೂ ಹೋಲಿಸಿ ನೋಡಿ, ಮನೆಯ ಚಿಕಿತ್ಸೆಯು ಸಮನಾಗಿಯೇ ಗುಣ ಕೊಡುವುದೆಂದು 1959ರಲ್ಲಿ ತೋರಿಸಿಕೊಟ್ಟರು. ಕೂಲಿನಾಲಿ ಮಾಡುವ ನಮ್ಮ ಜನರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲವೆಂದು ನನ್ನ ಭಾವನೆ.

ಔಷಧಿಯನ್ನು ಅರ್ಧದಲ್ಲಿ ಬಿಡುವುದಕ್ಕೆ ಮೂರು ಕಾರಣಗಳನ್ನು ಕಂಡಿದ್ದೇನೆ. ಮೊದಲನೆಯದು, ಮೂತ್ರವು ಕೆಂಪು ಮಿಶ್ರಿತ ಹಳದಿಯಾಗುವುದು. ಇದು ಒಂದು ಮಾತ್ರೆಯ ಬಣ್ಣವೇ ಹೊರತು ರಕ್ತವಲ್ಲ. ಎರಡನೆಯದು, ಎರಡು ತಿಂಗಳಿಗೆ ಹಸಿವು ಹೆಚ್ಚಿ ಮೈ ತುಂಬಿಕೊಂಡಿತೆಂದು, ಗುಣವಾಯಿತೆಂದು ನಿಲ್ಲಿಸುವುದು. ಮೂರನೆಯದು ಹೆಚ್ಚು ಮೋಸದ್ದು. ಚಿಕಿತ್ಸೆ ನಡೆಯುತ್ತಿರುವಾಗಲೇ ಕೆಲವರಿಗೆ ಗಂಟು ಮೊದಲಿಗಿಂತ ದೊಡ್ಡದಾಗುವುದುಂಟು, ಹೊಸ ಗಂಟು ಏಳುವುದೂ ಉಂಟು. ಸತ್ತ ಕ್ರಿಮಿಗಳ ಮೇಲೆ ದೇಹವು ರೇಗುವುದರಿಂದ ಹೀಗಾಗುವುದು. ಔಷಧಿ ಸೋತಿತೆಂದು ಇದರ ಅರ್ಥವಲ್ಲ. ವೈದ್ಯರಿಗೆ ತೋರಿಸಿ ಮಾತ್ರೆಯನ್ನು ಮುಂದುವರಿಸಬೇಕು. ಕಣ್ಣು ಹಳದಿಯಾಗಿ ವಾಂತಿ ಹಿಡಿದರೆ, ದೃಷ್ಟಿ ಮಂದವಾದರೆ ಮಾತ್ರ ಮಾತ್ರೆಯನ್ನು ನಿಲ್ಲಿಸಿ ಅದೇ ದಿವಸ ಆಸ್ಪತ್ರೆಗೆ ಹೋಗತಕ್ಕದ್ದು.

ಆ ಹುಡುಗಿಯ ವಿಷಯದಲ್ಲಿಯೂ ಮೂರನೆಯ ತಿಂಗಳು ಹೀಗೆಯೇ ಆಯಿತು. ಹೊಸ ಗಂಟನ್ನು ನೋಡಿ ತಂದೆಯು ಮಾತ್ರೆಯನ್ನು ನಿಲ್ಲಿಸುವುದರಲ್ಲಿದ್ದನು. ಆ ಊರಿನ ಆಶಾ ಕಾರ್ಯಕರ್ತೆಯು ದಿನವೂ ಬಾಗಿಲಿಗೆ ಬಂದು ತಾನೇ ನುಂಗಿಸಿ ಹೋಗುತ್ತಿದ್ದುದರಿಂದ ತಪ್ಪಿತು. ಮನೆಯವರನ್ನೆಲ್ಲಾ ಪರೀಕ್ಷಿಸಿದಾಗ ಬಹಳ ದಿವಸದಿಂದ ಕೆಮ್ಮುತ್ತಿದ್ದ ಚಿಕ್ಕಪ್ಪನ ಕಫದಲ್ಲಿ ಕ್ಷಯವು ಸಿಕ್ಕಿತು. ಬೀಡಿಯ ಕೆಮ್ಮೆಂದು ಅವನು ಸುಮ್ಮನಿದ್ದನು. ಹುಡುಗಿಯ ಗಂಟಿನಿಂದ ಯಾರಿಗೂ ರೋಗ ಹರಡುತ್ತಿರಲಿಲ್ಲ. ಆದರೂ ಅವಳ ತಟ್ಟೆ ಲೋಟಗಳನ್ನು ಬೇರೆ ಇಟ್ಟಿದ್ದರು. ಚಿಕ್ಕಪ್ಪನಾದರೋ ಎಲ್ಲರ ನಡುವೆ ಮಲಗುತ್ತಿದ್ದನು. ಆರು ತಿಂಗಳಿಗೆ ಗಂಟು ಇಳಿದು ಗಾಯ ಒಣಗಿತು. ಬರೆಯ ಕಲೆ ಉಳಿದಿದೆ.

ಅರ್ಬುದ ಮತ್ತು ಕಾಡಿನ ಜ್ವರಗಳು

ನಲವತ್ತು ದಾಟಿದವರು, ಅದರಲ್ಲಿಯೂ ಹೊಗೆಸೊಪ್ಪು, ಎಲೆಅಡಿಕೆ, ಬೀಡಿ, ಮದ್ಯ ಇವುಗಳ ಅಭ್ಯಾಸವುಳ್ಳವರು, ಕೊರಳಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿ ನೋವಿಲ್ಲದ ಗಂಟನ್ನು ಕಂಡರೆ ಬಾಯಿಯ ಅಥವಾ ಗಂಟಲಿನ ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ಶಂಕಿಸತಕ್ಕದ್ದು. ಬಾಯಲ್ಲಿ ಮೂರು ವಾರಕ್ಕೂ ಒಣಗದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಧ್ವನಿ ಒಡೆದಿರುವುದು, ನುಂಗುವಾಗ ತಡೆ, ಇವು ಜೊತೆಯ ಗುರುತುಗಳು. ನೋವಿಲ್ಲವೆಂಬುದೇ ಇಲ್ಲಿ ಜನರನ್ನು ಕೆಡಿಸುವುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1973ರಿಂದ ಈ ರೋಗಕ್ಕೆಂದೇ ಇದೆ. ಬೇಗ ಹೋದವರಿಗೆ ಗುಣವುಂಟು.

ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಇವುಗಳ ಅಂಚಿನಲ್ಲಿ ದನ ಮೇಯಿಸುವವರೂ ಸೌದೆ, ಜೇನು ತರುವವರೂ ಇನ್ನೊಂದನ್ನು ತಿಳಿದಿರಬೇಕು. ಕುರುಚಲು ಗಿಡಗಳಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಯು ಕಚ್ಚಿದಲ್ಲಿ ಬೀಡಿ ಸುಟ್ಟಂಥ ಕಪ್ಪು ಹಕ್ಕಳೆ ಬಿದ್ದು, ಹತ್ತಿರದ ಗ್ರಂಥಿ ಊದಿ, ತೀವ್ರ ಜ್ವರ ಬರುವುದು. ಇದಕ್ಕೆ ಸ್ಕ್ರಬ್ ಟೈಫಸ್ ಎಂದು ಹೆಸರು. ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯಿಂದ ಎರಡು ಮೂರು ದಿವಸಗಳಲ್ಲಿ ಜ್ವರ ಇಳಿಯುವುದು, ತಡವಾದರೆ ಪ್ರಾಣಾಪಾಯ. ಹಕ್ಕಳೆಯು ಕಂಕುಳು, ತೊಡೆಸಂದಿಗಳಲ್ಲಿ ಅಡಗಿರುವುದರಿಂದ ಬಟ್ಟೆ ಬಿಚ್ಚಿ ಹುಡುಕಬೇಕು. ಉಣ್ಣಿಯಿಂದ ಬರುವ ಮಂಗನ ಕಾಯಿಲೆಯಲ್ಲಿಯೂ ಕೊರಳ ಗ್ರಂಥಿಗಳು ಊದುವುದುಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ರೋಗವು 2012ರ ಕೊನೆಯಲ್ಲಿ ನಮ್ಮ ಜಿಲ್ಲೆಯ ಬಂಡೀಪುರದಲ್ಲಿ, ಸತ್ತ ಮಂಗಗಳನ್ನು ಸುಟ್ಟು ವಿಲೇವಾರಿ ಮಾಡಿದ ಅರಣ್ಯದ ಕೆಲಸಗಾರರಲ್ಲಿ ಕಾಣಿಸಿಕೊಂಡಿತು. ಕಾಡಿನಲ್ಲಿ ಸತ್ತ ಮಂಗವನ್ನು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕಾಗಲಿ ಅರಣ್ಯ ಇಲಾಖೆಗಾಗಲಿ ತಿಳಿಸತಕ್ಕದ್ದು.

ತೋರಿಸುವುದಕ್ಕೆ ಮೂರು ತಾಲ್ಲೂಕು ಕೇಂದ್ರಗಳಲ್ಲಿಯೂ ಸರ್ಕಾರಿ ಆಸ್ಪತ್ರೆಗಳಿವೆ. ಚಾಮರಾಜನಗರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳವರಿಗೆ, 1981ರಲ್ಲಿ ಡಾಕ್ಟರ್ ಸುದರ್ಶನ್ ಅವರು ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆಯು ಬೆಟ್ಟದ ಮೇಲೆಯೇ ಇದೆ.

ದನಕರುಗಳ ಕೊರಳು

ಈಗ ಕೊಟ್ಟಿಗೆಗೆ ಬರೋಣ. ಇಲ್ಲಿಯೂ ಮೇಲೆ ಹೇಳಿದ ನಿಯಮವೇ: ಊತವು ಎಲ್ಲಿದೆ, ಎಷ್ಟು ವೇಗದಲ್ಲಿ ಬಂದಿತು ಎಂಬುದನ್ನು ಮೊದಲು ನೋಡಬೇಕು.

ಸಂಜೆ ಚೆನ್ನಾಗಿದ್ದ ಎಮ್ಮೆ ಅಥವಾ ಎತ್ತು ಬೆಳಗಾಗುವಷ್ಟರಲ್ಲಿ ಗಂಟಲಿನಿಂದ ಗಂಗೆದೊಗಲಿನವರೆಗೆ ಬಿಸಿಯಾಗಿ ಊದಿಕೊಂಡು, ಜೊಲ್ಲು ಸುರಿಸುತ್ತ, ಗೊರಗೊರನೆ ಉಸಿರಾಡುತ್ತ ನಿಂತಿದ್ದರೆ ಅದು ಗಳಲೆ ರೋಗ, ಗಂಟಲುಬೇನೆಯೆಂದೂ ಹೇಳುವರು. ಇದು ಬರಿಯ ಗ್ರಂಥಿಯ ಊತವಲ್ಲ, ಗಂಟಲಿನ ಮಾಂಸವೆಲ್ಲಾ ನೀರು ತುಂಬಿಕೊಳ್ಳುವುದು. ಒಂದೆರಡು ದಿವಸಗಳಲ್ಲಿ, ಹಲವು ಬಾರಿ ಒಂದೇ ದಿವಸದಲ್ಲಿ, ದನವು ಸಾಯುವುದು. ಉಸಿರು ಕಟ್ಟಿದ ಮೇಲೆ ಔಷಧಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಜ್ವರ ಕಂಡ ಕೂಡಲೆ ಚಿಕಿತ್ಸೆಯಾಗಬೇಕು. ಮಳೆಗಾಲದ ಆರಂಭದಲ್ಲಿ ದುಡಿದು ದಣಿದ ದನಗಳಿಗೆ ಇದು ಬೇಗ ತಗಲುವುದು. ಆದುದರಿಂದ ಮುಂಗಾರಿಗೆ ಮುಂಚೆ, ಉಳುಮೆಯ ನೊಗ ಹೂಡುವುದಕ್ಕಿಂತ ಮೊದಲೇ, ವರ್ಷವರ್ಷವೂ ಲಸಿಕೆ ಹಾಕಿಸತಕ್ಕದ್ದು. ಸತ್ತ ದನದ ಚರ್ಮವನ್ನು ಸುಲಿಯದೆ, ಹಳ್ಳಕ್ಕೂ ಎಸೆಯದೆ, ಸುಣ್ಣ ಹಾಕಿ ಆಳವಾಗಿ ಹೂಳಬೇಕು.

ಹೆಗಲಿನ ಮುಂದೆ ಅಥವಾ ಕಿವಿಯ ಕೆಳಗೆ ಗುಂಡಾದ ಗಂಟು, 104 ರಿಂದ 106 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ಬಿಳುಪೇರಿದ ಅಥವಾ ಹಳದಿಯಾದ ಕಣ್ಣು, ಹಾಲು ಒಮ್ಮೆಗೇ ಇಳಿಯುವುದು, ಇವು ಥೈಲೇರಿಯಾ ರೋಗದ ಗುರುತುಗಳು. ಹನೂರಿನ ಆ ಹಸುವಿಗೆ ಇದ್ದುದು ಇದೇ. ಉಣ್ಣಿಯು ಕಚ್ಚಿದಾಗ ಅದರ ಜೊಲ್ಲಿನೊಡನೆ ಒಂದು ಸೂಕ್ಷ್ಮಜೀವಿಯು ಸೇರಿ ಮೊದಲು ಈ ಗ್ರಂಥಿಯಲ್ಲಿ ಬೆಳೆದು ಆಮೇಲೆ ರಕ್ತಕ್ಕೆ ಇಳಿಯುವುದು. ನಮ್ಮ ಹಳ್ಳಿಕಾರ್, ಆಲಂಬಾಡಿ ಜಾತಿಯ ದನಗಳು ಇದನ್ನು ಬಹುಮಟ್ಟಿಗೆ ತಡೆದುಕೊಳ್ಳುವುವು. ಹಾಲಿನಾಸೆಗೆ ತಂದ ಹೋಲ್‌ಸ್ಟೀನ್, ಜರ್ಸಿ ಮಿಶ್ರತಳಿಗಳು ತಡೆಯಲಾರವು. ಬೂಪಾರ್ವಕ್ವೋನ್ ಎಂಬ ಚುಚ್ಚುಮದ್ದನ್ನು ಗಂಟು ಕಂಡ ಮೊದಲ ದಿವಸಗಳಲ್ಲಿ ಪಶುವೈದ್ಯರಿಂದ ಹಾಕಿಸಿದರೆ ಹಸು ಉಳಿಯುವುದು. ರಕ್ತ ಬತ್ತಿ ಮಲವು ಕಪ್ಪಾದ ಮೇಲೆ ಹಾಕಿಸಿದರೆ ಉಳಿಯುವುದು ಕಷ್ಟ. ಮನುಷ್ಯರಿಗೆ ಇದು ಅಂಟುವುದಿಲ್ಲ.

ಉಣ್ಣಿಯನ್ನು ದನದ ಮೈಮೇಲೆ ಮಾತ್ರ ಕೊಂದರೆ ಸಾಲದು. ಹೆಣ್ಣು ಉಣ್ಣಿಯು ರಕ್ತ ಕುಡಿದು ಉದುರಿ ಕೊಟ್ಟಿಗೆಯ ಗೋಡೆಯ ಬಿರುಕು, ಗೊಂತಿನ ಸಂದು, ಕಂಬದ ಬುಡ ಇವುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದು. ಬಿರುಕುಗಳನ್ನು ಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಬೇಕು. ಸಗಣಿ, ಉಳಿದ ಹುಲ್ಲನ್ನು ದಿನವೂ ತೆಗೆಯಬೇಕು. ಕೋಳಿಗಳನ್ನು ಕೊಟ್ಟಿಗೆಯಲ್ಲಿ ಬಿಡುವ ಹಿರಿಯರ ಪದ್ಧತಿಯೂ ಒಳ್ಳೆಯದೇ. ಮೈಗೆ ಹಚ್ಚುವ ಔಷಧಿಯನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಬೆರೆಸಿ, ಗಾಯಗಳಿಲ್ಲದ ಮೈಗೆ, ಬಿಸಿಲೇರುವ ಮೊದಲು ಹಚ್ಚತಕ್ಕದ್ದು. ಹಚ್ಚುವ ಮುಂಚೆ ದನಕ್ಕೆ ಹೊಟ್ಟೆ ತುಂಬ ನೀರು ಕುಡಿಸಿದರೆ ಮೈ ನೆಕ್ಕುವುದು ಕಡಮೆಯಾಗುವುದು.

2022ರಲ್ಲಿ ನಮ್ಮ ರಾಜ್ಯದ ದನಗಳನ್ನು ಬಹಳವಾಗಿ ಬಾಧಿಸಿದ ಚರ್ಮಗಂಟು ರೋಗದಲ್ಲಿಯೂ ಮೈಯ ಗಂಟುಗಳೊಡನೆ ಹೆಗಲಿನ ಮುಂದಿನ ಗ್ರಂಥಿ ದಪ್ಪನಾಗುವುದು. ನೊಣ, ಸೊಳ್ಳೆ, ಉಣ್ಣಿಗಳಿಂದ ಹರಡುವುದು, ಮನುಷ್ಯರಿಗೆ ಬರುವುದಿಲ್ಲ, ಲಸಿಕೆಯುಂಟು. ನೊಗ ಉಜ್ಜಿ ಹೆಗಲು ಊದುವುದು ಬೇರೆಯ ಮಾತು. ಅದಕ್ಕೆ ನೊಗವನ್ನು ನುಣುಪು ಮಾಡಿ ಎತ್ತಿಗೆ ಬಿಡುವು ಕೊಡುವುದೇ ಮುಖ್ಯ ಚಿಕಿತ್ಸೆ, ಬರೆಯಲ್ಲ.

ಕೊನೆಯದಾಗಿ ದನದ ಕ್ಷಯ. ಮೇವು ತಿಂದರೂ ಸೊರಗುತ್ತ, ಬೆಳಗಿನ ತಂಪಿನಲ್ಲಿ ಕೆಮ್ಮುತ್ತ, ಗಂಟಲ ಗ್ರಂಥಿ ನಿಧಾನವಾಗಿ ದಪ್ಪವಾಗುತ್ತಿರುವ ಹಸುವಿಗೆ ಚರ್ಮದೊಳಗೆ ಮದ್ದು ಚುಚ್ಚಿ ಮೂರು ದಿವಸಗಳ ಮೇಲೆ ಊತವನ್ನು ಅಳೆದು ಪರೀಕ್ಷಿಸುವರು. ದನದ ಕ್ಷಯಕ್ಕೆ ಚಿಕಿತ್ಸೆ ಮಾಡುವ ಪದ್ಧತಿಯಿಲ್ಲ. ಅಂಥ ಹಸುವನ್ನು ಬೇರೆ ಕಟ್ಟಿ, ಹಾಲನ್ನು ಕರುವಿಗೂ ಮಕ್ಕಳಿಗೂ ಕೊಡದೆ, ಪಶುವೈದ್ಯರು ಹೇಳಿದಂತೆ ನಡೆಯತಕ್ಕದ್ದು. ಅದನ್ನು ಸಂತೆಯಲ್ಲಿ ಮಾರಿ ಕೈ ತೊಳೆದುಕೊಳ್ಳುವವನು ಇನ್ನೊಬ್ಬರ ಮನೆಯ ಮಗುವಿನ ಕೊರಳಿಗೆ ಗಂಟು ಕಟ್ಟಿದಂತೆಯೇ ಸರಿ. ಪಶುವೈದ್ಯರು ದೂರವಿರುವ ಗ್ರಾಮಗಳವರು 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನವನ್ನು ಕರೆಸಿಕೊಳ್ಳಬಹುದು. ಮನುಷ್ಯರಿಗೆ ಆಂಬುಲೆನ್ಸಿನ ಸಂಖ್ಯೆ 108.